ಬಾಗಿಲಿಗೆ ಬಂದು ಕರೆಯುವುದು

ಕೆಳಗೆ ಕುರ್ಚಿ ಎಳೆಯುವ ಸದ್ದು ಕೇಳಿದ ಕೂಡಲೇ ಶೋಭನಾ ಸೆರಗು ಸರಿಪಡಿಸಿಕೊಂಡು ಬಾಗಿಲ ಪಕ್ಕದಲ್ಲೇ ಬಂದು ಕೂತಳು. ಮಧ್ಯಾಹ್ನವೇ ಸ್ನಾನ ಮಾಡಿ, ತಾಯಿ ನೇಯ್ದ ಹಸಿರು ಸೀರೆ ಉಟ್ಟಿದ್ದಳು. ಕರೆಯಲು ಬಂದವರನ್ನು ಬರಿಬಾಯಲ್ಲಿ ಕಳಿಸಬಾರದೆಂದು ಡಿಕಾಕ್ಷನ್ ಇಳಿಸಿಟ್ಟಿದ್ದಳು. ಲಿಫ್ಟು ಎರಡು ಸಲ ಮೇಲೆ ಬಂತು. ಎರಡು ಸಲವೂ ಎದ್ದು ನಿಂತಳು. ಬಂದವರು ಬೇರೆ ಮನೆಗಳಿಗೆ ಹೋದರು.

ತಿರುಪ್ಪೂರಿನ ಆ ಅಪಾರ್ಟ್‌ಮೆಂಟಿನಲ್ಲಿ ಅಂದು ಮಾಲೀಕರ ಸಂಘದ ವಾರ್ಷಿಕ ಸಭೆ. ಅಲ್ಲಿ ಶೋಭನಾಳ ಕೋರಿಕೆಯೂ ಚರ್ಚೆಗೆ ಬರುವುದಿತ್ತು. ನೆಲಮಹಡಿಯಲ್ಲಿ ಡ್ರೈವರುಗಳಿಗೆಂದು ಕಟ್ಟಿಸಿದ ಕೋಣೆಯೊಂದು ಯಾರಿಗೂ ಬೇಡವಾಗಿ ಧೂಳು ಹಿಡಿದಿತ್ತು. ತನ್ನ ಮನೆಯೊಳಗೆ ಹಿಡಿಯದ ತಾಯಿಯ ಕೈಮಗ್ಗವನ್ನು ಅದರಲ್ಲಿ ಇಟ್ಟುಕೊಳ್ಳಲು ಬಿಡಿ ಎಂದು ಕೇಳಿದ್ದಳು. ಎಲ್ಲರಿಗೂ ಸೇರಿದ ಜಾಗವನ್ನು ಒಬ್ಬರ ಬಳಕೆಗೆ ಕೊಡಬೇಕಾದರೆ ಸಭೆ ಒಪ್ಪಬೇಕು ಎಂಬುದು ಸಂಘದ ನಿಯಮ. ಪೆರಿಯನಾಯಕನಪಾಳ್ಯಂನಲ್ಲಿದ್ದ ತವರುಮನೆಯನ್ನು ತಮ್ಮ ಮುರುಗೇಶನ್ ಮಾರಿದ್ದ. ತಿಂಗಳ ಕೊನೆಗೆ ಬೀಗದ ಕೈ ಕೊಡಬೇಕು, ಅಷ್ಟರೊಳಗೆ ಮಗ್ಗ ಎತ್ತದಿದ್ದರೆ ಸೌದೆಯವನಿಗೆ ಕೊಡುವುದೇ ಎಂದಿದ್ದ. ಅವನದೂ ತಪ್ಪೆನ್ನುವಂತಿಲ್ಲ. ಎರಡು ಕೋಣೆಯ ಬಾಡಿಗೆ ಮನೆಗೆ ಹೋಗುವವನು ಮಗ್ಗವನ್ನೇನು ತಲೆಯ ಮೇಲೆ ಹೊರುತ್ತಾನೆಯೇ?

ಶೋಭನಾ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಸೂಪರ್‌ವೈಸರ್. ಮದುವೆಯಾಗಿರಲಿಲ್ಲ. ಹಗಲೆಲ್ಲ ನೂರಾರು ಜನರ ನಡುವೆ ಗಂಟಲು ಹರಿದುಕೊಂಡು, ಸಂಜೆ ಬಂದು ಬಾಗಿಲು ಹಾಕಿದರೆ ಬೆಳಗಿನವರೆಗೆ ಅವಳ ಬಾಯಿಗೆ ಕೆಲಸವಿಲ್ಲ. ಮನೆಯಲ್ಲಿ ಆಡುತ್ತಿದ್ದ ಕನ್ನಡ ತಾಯಿ ಹೋದ ಮೇಲೆ ವಾರಕ್ಕೊಮ್ಮೆ ತಮ್ಮನ ಫೋನಿಗಷ್ಟೇ ಉಳಿದಿತ್ತು. ನಿಜ ಹೇಳಬೇಕೆಂದರೆ ಅವಳಿಗೆ ನೇಯುವುದಕ್ಕಿಂತ ಹೆಚ್ಚಾಗಿ ಆ ಕೋಣೆಯ ಬಾಗಿಲು ಬೇಕಿತ್ತು. ಭಾನುವಾರ ಬಾಗಿಲು ತೆರೆದಿಟ್ಟು ಮಗ್ಗದಲ್ಲಿ ಕೂತರೆ, ಹೋಗುವವರು ಬರುವವರು ಸದ್ದು ಕೇಳಿ ಒಂದು ಗಳಿಗೆ ನಿಲ್ಲುತ್ತಾರೆ, ಇದೇನು ನೇಯುತ್ತೀರಿ ಎಂದು ಕೇಳುತ್ತಾರೆ. ಅಷ್ಟು ಸಾಕಿತ್ತು.

ಇಷ್ಟೆಲ್ಲ ಆಸೆ ಇಟ್ಟುಕೊಂಡವಳು ಕೆಳಗಿಳಿದು ಹೋಗಬಾರದಿತ್ತೇ? ಹೋಗಬಾರದೆಂದೇ ಅವಳು ಕಲಿತದ್ದು. ತವರಿನ ಕನ್ನಡ ನೇಕಾರರ ಬೀದಿಯಲ್ಲಿ ಸೌಡೇಶ್ವರಿ ಗುಡಿಯ ಮುಂದೆ ಕೂಟ ಸೇರಿದರೆ, ಯಾರ ವಿಷಯವಿದೆಯೋ ಅವರು ತಾವಾಗಿ ಬಂದು ಕೂರುವುದಿಲ್ಲ. ಅವರೆದುರು ಮಾತಾಡಲು ಜನ ಹಿಂಜರಿಯುತ್ತಾರೆ. ಅದಕ್ಕೇ ಮನೆಯಲ್ಲಿ ಕಾಯಬೇಕು. ಬೇಕಾದಾಗ ಒಬ್ಬರು ಮನೆಬಾಗಿಲಿಗೆ ಬಂದು, ಬನ್ನಿ ಎಂದು ಕರೆದು ಜೊತೆಯಲ್ಲೇ ಕರೆದುಕೊಂಡು ಹೋಗುತ್ತಾರೆ. ಕರೆಯದೆ ನುಗ್ಗಿದವರ ಮಾತಿಗೆ ಬೆಲೆಯಿಲ್ಲ. ಅವಳಪ್ಪ ಜಾಗದ ಜಗಳವೊಂದರಲ್ಲಿ ಹೀಗೆಯೇ ಇಡೀ ಹಗಲು ಮನೆಮುಂದಿನ ತಿಣ್ಣೆಯ ಮೇಲೆ ಕೂತು ಕಾದಿದ್ದ. ಕರೆ ಬಂದಿತ್ತು, ನ್ಯಾಯವೂ ಸಿಕ್ಕಿತ್ತು.

ಇಲ್ಲಿ ಕರೆ ಬರಲಿಲ್ಲ. ಕತ್ತಲಾಗುವ ಹೊತ್ತಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದು ಕೇಳಿತು. ಡಿಕಾಕ್ಷನ್ ಆರಿ ತಣ್ಣಗಾಗಿತ್ತು. ಶೋಭನಾ ಅದನ್ನು ಸಿಂಕಿಗೆ ಸುರಿದು, ಸೀರೆ ಬದಲಿಸಿ, ಊಟ ಮಾಡದೆ ಮಲಗಿದಳು.

ಮರುದಿನ ಲಿಫ್ಟಿನಲ್ಲಿ ಸಿಕ್ಕ ಕಾರ್ಯದರ್ಶಿ ಪ್ರೇಮ್ ಕುಮಾರ್, ನೀವೇ ಬರಲಿಲ್ಲವಲ್ಲ ಮೇಡಂ ಎಂದ, ತಮಿಳಿನಲ್ಲಿ. ಕೇಳಿಕೊಂಡವರೇ ಇಲ್ಲದ ಕಾರಣ ವಿಷಯ ಕೈಬಿಟ್ಟುಹೋಗಿತ್ತು. ಯಾರೂ ಕರೆಯಲಿಲ್ಲ ಎಂದಳು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಕರೆದಿದ್ದೆ, ನೀವು ಅದಕ್ಕೆ ಹೆಬ್ಬೆರಳಿನ ಚಿತ್ರ ಒತ್ತಿ ಒಪ್ಪಿದ್ದಿರಿ ಎಂದ. ಅದು ಸಭೆ ಇದೆಯೆಂದು ತಿಳಿಸಿದ್ದಲ್ಲವೇ, ಕರೆದದ್ದು ಹೇಗಾಯಿತು ಎಂದು ಕೇಳಲು ಹೋಗಿ, ಈಗೇನು ಮಾಡಬೇಕು ಎಂದಷ್ಟೇ ಕೇಳಿದಳು. ಇಷ್ಟು ಸರಳವಾದದ್ದು ತನಗೆ ಗೊತ್ತಿರಲಿಲ್ಲವೆಂದು ಮುಖ ಬೆಚ್ಚಗಾಯಿತು.

ಪ್ರೇಮ್ ಕುಮಾರ್ ಕೆಟ್ಟವನಲ್ಲ. ಮೂರರಲ್ಲೊಂದು ಭಾಗ ಮಾಲೀಕರು ಸಹಿ ಹಾಕಿದರೆ ವಿಶೇಷ ಸಭೆ ಕರೆಯಬಹುದು, ಆದರೆ ಸಭೆ ನಡೆಯಲು ಅರ್ಧದಷ್ಟು ಮಾಲೀಕರಾದರೂ ಬಂದಿರಬೇಕು ಎಂದು ಅವನೇ ದಾರಿ ಹೇಳಿಕೊಟ್ಟ. ಬೀಗದ ಕೈ ಕೊಡುವ ಹಿಂದಿನ ಸಂಜೆಯನ್ನೇ ಸಭೆಗೆ ಗೊತ್ತುಮಾಡಿದ. ಅದಕ್ಕಿಂತ ಮುಂಚೆ ಮಾಡಲು ನೋಟೀಸಿನ ಅವಧಿ ಬಿಡುತ್ತಿರಲಿಲ್ಲ.

ಹೀಗೆ ಶೋಭನಾ ಮೊದಲ ಸಲ ತನ್ನದೇ ಕಟ್ಟಡದ ಬಾಗಿಲುಗಳನ್ನು ತಟ್ಟಿದಳು. ಎದುರು ಮನೆಯವರ ಹೆಸರು ಕೂಡ ಅವಳಿಗೆ ಗೊತ್ತಿರಲಿಲ್ಲ. ಒಬ್ಬರು ಸರಪಳಿ ತೆಗೆಯದೆ ಏನು ಮಾರುತ್ತೀರಿ ಎಂದು ಕೇಳಿದರು. ಇನ್ನೊಬ್ಬರು ಪೂರ್ತಿ ಓದದೆ ಸಹಿ ಹಾಕಿ, ಆಯ್ತಲ್ಲ ಎಂದು ಬಾಗಿಲು ಮುಚ್ಚಿದರು. ಸಹಿಗಳೇನೋ ಸಿಕ್ಕವು. ಪ್ರತಿ ಬಾಗಿಲಲ್ಲೂ ಅವಳು ಬೀದಿಯವರು ಕರೆಯುತ್ತಿದ್ದ ಹಾಗೆಯೇ, ಹೊಸ್ತಿಲಾಚೆ ನಿಂತು, ಮನೆಯವರೆಲ್ಲ ಬರಬೇಕು ಎಂದಳು. ಜನ ಅವಳನ್ನು ವಿಚಿತ್ರವಾಗಿ ನೋಡಿದರು. ಮದುವೆಯ ಪತ್ರಿಕೆ ಎಲ್ಲಿ ಎಂದು ಒಬ್ಬರು ಕೇಳಿಯೇಬಿಟ್ಟರು.

ಮೂರನೇ ಮಹಡಿಯಲ್ಲಿ ಬಾಗಿಲು ತೆಗೆದದ್ದು ವಯಸ್ಸಾದ ಹೆಂಗಸು. ಒಳಗಿದ್ದ ಮೊಮ್ಮಗಳಿಗೆ ಯಾರೋ ಬಂದವ್ರೆ ನೋಡು ಜನನಿ ಎಂದು ಕೂಗಿದ್ದು ಕನ್ನಡದಲ್ಲಿ. ಶೋಭನಾ ಕೂಡಲೇ ಕನ್ನಡಕ್ಕೆ ಹೊರಳಿದಳು. ಮೂರು ವರ್ಷದಿಂದ ಒಂದೇ ಲಿಫ್ಟಿನಲ್ಲಿ ಇಳಿದು ಹತ್ತಿದವರು, ಒಂದು ದಿನವೂ ಗೊತ್ತಾಗಿರಲಿಲ್ಲ. ಹೆಸರು ಕಮಲಾತಾಳ್, ಅವಿನಾಶಿ ಕಡೆಯ ಬೇಸಾಯದ ಮನೆಯವರು, ಈಗ ಮಗನ ಜೊತೆ ಇಲ್ಲಿ. ಮನೆ ಮಗನ ಹೆಸರಿನಲ್ಲಿತ್ತು, ಆದ್ದರಿಂದ ಅವರ ಸಹಿಗೆ ಬೆಲೆಯಿಲ್ಲ. ಶೋಭನಾ ಅದನ್ನು ಹೇಳದೆ, ಕರೆದಳು.

"ನಾನೂ ಬರಬೌದಾ ಅಮ್ಮಣಿ?" ಎಂದರು ಕಮಲಾತಾಳ್. "ಇಲ್ಲಿಗೆ ಬಂದ ಮ್ಯಾಲೆ ನನ್ನ ಯಾರೂ ಎದುಕ್ಕೂ ಕೂಗಿಲ್ಲ. ಎಷ್ಟು ನೇರಕ್ಕೆ ಕೂಟ, ಸಂಜೆಗಾ?"

ಸಭೆಯ ಸಂಜೆ ಎಲ್ಲರಿಗಿಂತ ಮೊದಲು ಬಂದು ಕೂತವರು ಅವರೇ. ರೇಷ್ಮೆ ಸೀರೆ ಉಟ್ಟು, ತಲೆಗೆ ಕನಕಾಂಬರ ಮುಡಿದಿದ್ದರು. ಆಮೇಲೆ ಪ್ರೇಮ್ ಕುಮಾರ್ ಬಂದ, ಖಜಾಂಚಿ ಕಂದಸಾಮಿ ಬಂದರು, ಸಹಿ ಹಾಕಿದವರಲ್ಲಿ ಇಬ್ಬರು ಬಂದರು. ಉಳಿದ ಕುರ್ಚಿಗಳು ಹಾಗೇ ಇದ್ದವು. ಕಾರುಗಳು ಬಂದು ನಿಂತವು, ಇಳಿದವರು ಫೋನು ನೋಡುತ್ತ ಲಿಫ್ಟಿನ ಕಡೆ ನಡೆದರು. ಅವರಲ್ಲಿ ಕಮಲಾತಾಳ್ ಅವರ ಮಗನೂ ಇದ್ದ. ತಾಯಿಯನ್ನು ಅಲ್ಲಿ ಕಂಡು ಅಚ್ಚರಿಪಟ್ಟು, ಒಂದು ಕಾಲ್ ಇದೆ ಎಂದು ಸನ್ನೆ ಮಾಡಿ ಮೇಲೆ ಹೋದ.

ನಿಯಮದಂತೆ ಅರ್ಧ ಗಂಟೆ ಕಾದು ಪ್ರೇಮ್ ಕುಮಾರ್ ಎದ್ದ. ಸಾಕಷ್ಟು ಜನರಿಲ್ಲದೆ ಸಭೆ ನಡೆಸುವಂತಿಲ್ಲ, ಮುಂದಿನ ವಾರ ಮತ್ತೆ ಸೇರೋಣ ಎಂದ. ಅವನ ದನಿಯಲ್ಲಿ ನಿಜವಾಗಿಯೂ ಬೇಸರವಿತ್ತು. ಶೋಭನಾ ತಲೆಯಾಡಿಸಿದಳು. ಅವರೆಲ್ಲ ಹೋಗುತ್ತಿದ್ದ ಹಾಗೆಯೇ ತಮ್ಮನ ಫೋನು ಬಂತು.

"ಸೌದೆಯವ್ನು ಬೆಳಿಗ್ಗೆ ವಂಡಿ ತತ್ತಾನಂತೆ ಅಕ್ಕಾ. ಏನು ಹೇಳ್ಲಿ?"

ಅವಳು ಖಾಲಿ ಕುರ್ಚಿಗಳ ಕಡೆ ನೋಡಿದಳು. ಆಮೇಲೆ, "ಕೊಟ್ಬುಡು ಮುರುಗೇಶಾ," ಎಂದಳು. ತಾಯಿ ಸತ್ತ ದಿನ ಕೂಡ ತಾನು ಇಷ್ಟು ಒಂಟಿ ಎಂದು ಅವಳಿಗೆ ಅನಿಸಿರಲಿಲ್ಲ. ಅಂದು ಇಡೀ ಬೀದಿ ಬಾಗಿಲಲ್ಲಿ ನಿಂತಿತ್ತು.

ತಿರುಗಿ ನೋಡಿದರೆ ಕಮಲಾತಾಳ್ ಕೂತಲ್ಲೇ ಕೂತಿದ್ದರು. ಕಿವಿ ಮಂದ. ಪ್ರೇಮ್ ಕುಮಾರ್ ಹೇಳಿದ್ದು ಅವರಿಗೆ ಕೇಳಿರಲಿಲ್ಲ.

"ನಿನ್ ವಿಷಯದ ಮಾತು ಯಾವಾಗ ಪೇಸ್ತಾರೆ ಅಮ್ಮಣಿ? ಕೇಳಕ್ಕೇಂತ್ಲೇ ಬಂದಿವ್ನಿ."

ಶೋಭನಾ ಅವರ ಹತ್ತಿರ ಹೋಗಿ, ಬಗ್ಗಿ, ಕಿವಿಗೆ ಕೇಳುವಂತೆ ಹೇಳಿದಳು. ತಾಯಿಯ ಮಗ್ಗ, ಖಾಲಿ ಬಿದ್ದ ಆ ಕೋಣೆ, ಭಾನುವಾರಗಳು, ನಿಂತು ಕೇಳುವ ಜನ. ಸಭೆಯಲ್ಲಿ ಹೇಳಲು ಜೋಡಿಸಿಟ್ಟಿದ್ದ ತಮಿಳು ಮಾತು ಒಂದೂ ಬರಲಿಲ್ಲ, ಎಲ್ಲ ಕನ್ನಡದಲ್ಲೇ ಬಂತು. ಮಗ್ಗ ನಾಳೆ ಹೋಗುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಕಮಲಾತಾಳ್ ಕಣ್ಣು ಕಿರಿದು ಮಾಡಿಕೊಂಡು ಕೊನೆಯವರೆಗೆ ಕೇಳಿದರು.

"ಇಟ್ಕೋ. ಯಾರು ಬ್ಯಾಡ ಅಂದೋರು?" ಎಂದರು. ಆಮೇಲೆ ಸುತ್ತ ನೋಡಿ, "ಕೈ ಎತ್ತಬೇಕಲ್ವಾ?" ಎಂದು ಕೇಳಿ, ಬಲಗೈಯನ್ನು ಮೇಲೆತ್ತಿದರು. ಬಳೆಗಳು ಮೊಣಕೈಯವರೆಗೆ ಜಾರಿದವು.

ವಾಚ್‌ಮನ್ ಖಾಲಿ ಕುರ್ಚಿಗಳನ್ನು ಪೇರಿಸತೊಡಗಿದ. ಶೋಭನಾ ಪಕ್ಕದ ಕುರ್ಚಿಯಲ್ಲಿ ಕೂತಳು. ಇಳಿಸಿ ಎಂದು ಯಾರಾದರೂ ಹೇಳುತ್ತಾರೆಂದು ಕಮಲಾತಾಳ್ ಕೈ ಎತ್ತಿಕೊಂಡೇ ಕಾಯುತ್ತಿದ್ದರು.