ಗಾಜಿಗೆ ಹೊಡೆದ ಅಲೆ

ಊರಿನ ತಲೆಗಳಿಗೆಲ್ಲ ಕತ್ತರಿ ಆಡಿಸುವ ಸೊಸೆ ಮನೆಯಲ್ಲೇ ಇದ್ದರೂ ಮಾವ ಕೂದಲು ಕತ್ತರಿಸಿಕೊಳ್ಳಲು ಹೋಗುತ್ತಿದ್ದದ್ದು ಪಕ್ಕದ ಬೀದಿಗೆ. ಹಿತ್ತಲ ಗಿಡ ಮದ್ದಲ್ಲ ನೋಡಿ! ಮದುವೆಯಾಗಿ ಬಂದಾಗಿನಿಂದ ಅವಳು ಕೇಳಿದ್ದೇ ಕೇಳಿದ್ದು, ಅವರು ನಕ್ಕಿದ್ದೇ ನಕ್ಕಿದ್ದು. ಈ ಸಲ ಮಗಳ ಮನೆಗೆ ಹೊರಡುವ ಮುಂಚೆ, ಜೀವದಂತೆ ಸಾಕಿದ್ದ ಹವಳವನ್ನು ಪುಟ್ಟ ಉಪ್ಪುನೀರಿನ ತೊಟ್ಟಿಯ ಸಮೇತ ಅವಳ ಸಲೂನಿಗೆ ತಂದು ಕೂರಿಸಿದರು.

"ನೋಡಮ್ಮಾ ಕತ್ತರಿ ರಾಣಿ, ನಾನು ವಾಪಸ್ ಬಂದಾಗ ಇದು ಹೀಗೇ ಅರಳಿಕೊಂಡಿರಲಿ. ಆಮೇಲೆ ನನ್ನ ತಲೆ ನಿನ್ನ ಕೈಗೆ."

ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು.

ಹವಳ ಅಂದರೆ ಕಲ್ಲು ಅಂದುಕೊಂಡಿದ್ದಳು. ಇದು ನೋಡಿದರೆ ಹಸಿರು ಬೆರಳುಗಳ ಗೊಂಚಲು, ನೀರು ಅಲುಗಿದ ಹಾಗೆಲ್ಲ ಓಲಾಡುವ ಜೀವ! ನೀರನ್ನು ಅಲುಗಿಸಲು ಗಾಜಿನ ಒಳಬದಿಗೆ ಒಂದು ಪುಟಾಣಿ ಪಂಪು. ಒಂದು ದಿನ ಗಾಜು ಒರೆಸಲು ಅದನ್ನು ಕಿತ್ತವಳು, ತಿರುಗಿ ಅಂಟಿಸುವಾಗ ಹುಟ್ಟುಗುಣ ಬಿಡಬೇಕಲ್ಲ, ಡ್ರೈಯರ್ ಹಿಡಿದ ಹಾಗೆ ಸೀದಾ ಹವಳದ ಮುಖಕ್ಕೇ ಗುರಿಯಿಟ್ಟು, "ಚೆನ್ನಾಗಿ ಆಡಲಿ ಕಂದಾ" ಅಂತ ವೇಗವನ್ನೂ ಏರಿಸಿಬಿಟ್ಟಳು.

ಅಬ್ಬಬ್ಬಾ, ಆಗ ನೋಡಬೇಕಿತ್ತು! ತಳದ ಮರಳೆಲ್ಲ ಎದ್ದು ಬಿರುಗಾಳಿಯಾಯಿತು. ತೊಟ್ಟಿಯಲ್ಲಿದ್ದ ಕಿತ್ತಳೆ ಬಣ್ಣದ ಜೋಡಿ ಮೀನುಗಳಲ್ಲಿ ಗಂಡ ಒಂದು ಮೂಲೆಗೆ, ಹೆಂಡತಿ ಇನ್ನೊಂದು ಮೂಲೆಗೆ ಹಾರಿಬಿದ್ದವು. ಹವಳವೋ, ಬೆರಳೆಲ್ಲ ಒಳಗೆಳೆದುಕೊಂಡು ಮುಷ್ಟಿ ಬಿಗಿಯಿತು. ಗಾಬರಿಯಲ್ಲಿ ಪಂಪು ನಿಲ್ಲಿಸಿದರೆ ನೀರಿನ ಮೇಲೆ ಕೆನೆ ಕಟ್ಟಿ, ಮೀನುಗಳು ಮೇಲೆ ಬಂದು ಬಾಯಿಬಾಯಿ ಬಿಟ್ಟವು. ಮತ್ತೆ ಹಚ್ಚಿದಳು. ಮೆಲ್ಲಗೆ ಹಚ್ಚಿದಳು, ಜೋರಾಗಿ ಹಚ್ಚಿದಳು. ಊಹೂಂ, ಮುಷ್ಟಿ ಬಿಚ್ಚಲಿಲ್ಲ. ಅಷ್ಟರಲ್ಲಿ ಮಾವನ ಫೋನು: "ಇವತ್ತು ಸಂಜೆಗೆ ಬರ್ತಿದೀನಮ್ಮ."

ಆಗ ಕುರ್ಚಿಯಲ್ಲಿ ಕೂತಿದ್ದವರು ಸಂಗೀತದ ಟೀಚರ್, ತಲೆತುಂಬ ಗುಂಗುರು. ತೊಟ್ಟಿಯ ಕಡೆಗೇ ಕಣ್ಣಿಟ್ಟುಕೊಂಡು ಇವಳು ಡ್ರೈಯರ್ ಹಚ್ಚಿದಳು.

"ಅಯ್ಯೋ, ಇದೇನ್ರೀ ಸೀದಾ ಹೊಡೀತಿದೀರಾ! ಕಾಗೆ ಗೂಡು ಮಾಡ್ತೀರಾ ಹೇಗೆ? ಯಾವಾಗ್ಲೂ ಅಂಗೈಗೆ ಹೊಡೆದು ತಾನೇ ಗಾಳಿ ಬಿಡ್ತಿದ್ರಿ?"

ಹೌದಲ್ಲ! ಗುಂಗುರಿಗೆ ನೇರ ಗಾಳಿ ತಾಗಿಸಬಾರದು. ಅಂಗೈಗೆ ಬಡಿದು ಚದುರಿದ ಗಾಳಿಗೆ ಸುರುಳಿ ಹಾಳಾಗದೆ ಒಣಗುತ್ತೆ. ಇಷ್ಟು ವರ್ಷ ದುಡಿದ ಕೈಗೆ ಇದು ಗೊತ್ತು, ತಲೆಗೆ ಹೊಳೆಯಲಿಲ್ಲ ನೋಡಿ.

"ಟೀಚರೇ, ನೀವು ದೇವರು!" ಅಂದವಳೇ ಅವರನ್ನು ಅರ್ಧ ಒದ್ದೆ ತಲೆಯಲ್ಲೇ ಬಿಟ್ಟು ಓಡಿದಳು. ಕೈಯ ಜೆಲ್ಲೆಲ್ಲ ಹೋಗುವಂತೆ ತಿಕ್ಕಿ ತೊಳೆದು ತೊಟ್ಟಿಗೆ ಇಳಿಸಿ, ಪಂಪನ್ನು ಎದುರಿನ ಗಾಜಿನ ಕಡೆ ತಿರುಗಿಸಿ, ವೇಗ ಇಳಿಸಿದಳು. ನೀರು ಗಾಜಿಗೆ ಬಡಿದು, ಚದುರಿ, ಸುತ್ತಿ ಬಳಸಿ ಹವಳದ ಹತ್ತಿರ ಬಂತು. ಮರಳು ಕೂತಿತು. ಮೀನು ದಂಪತಿ ಒಂದಾದರು. ಟೀಚರ್ ತಲೆ ಒಣಗಿ ಮುಗಿಯುವಷ್ಟರಲ್ಲಿ ಒಂದು ಹಸಿರು ಬೆರಳು ಇಣುಕಿತು!

"ಬಂತು, ಬಂತು!" ಇಬ್ಬರೂ ಕೈ ಕೈ ಹಿಡಿದು ಕುಣಿದೇ ಕುಣಿದರು.

ಸಂಜೆ ಮಾವ ಬಂದಾಗ ಗೊಂಚಲಿಗೆ ಗೊಂಚಲೇ ಬಿಚ್ಚಿಕೊಂಡು ತೂಗಾಡುತ್ತಿತ್ತು. ಅವರು ಕನ್ನಡಕ ಏರಿಸಿ ನೋಡಿದರು, ಬಗ್ಗಿ ನೋಡಿದರು.

"ಪಂಪು ನಾನಿಟ್ಟ ಕಡೆ ಇಲ್ವಲ್ಲಮ್ಮಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಬಿರುಗಾಳಿ, ಮುಷ್ಟಿ, ಕೆನೆ, ಟೀಚರ್ ತಲೆ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿಬಿಟ್ಟಳು. ಮಾವ ಎದ್ದು ಬಾಗಿಲ ಕಡೆ ನಡೆದರು. ಮುಗೀತು, ಪಕ್ಕದ ಬೀದಿಗೇ ಹೊರಟರು ಅಂದುಕೊಂಡಳು.

ಮಾವ ಬಾಗಿಲ ಪಕ್ಕದ ಗೂಟಕ್ಕೆ ಟೋಪಿ ನೇತುಹಾಕಿ, ಹಿಂದಿರುಗಿ ಬಂದು ಕುರ್ಚಿಯಲ್ಲಿ ಕೂತರು.

"ಇರೋದೇ ನಾಲ್ಕು ಕೂದಲು ಕಣಮ್ಮಾ. ಅವಕ್ಕೂ ಅಂಗೈಗೆ ಹೊಡೆದೇ ಗಾಳಿ ಬಿಡು."