ಮರಳು ಒಣಗುವ ತನಕ

ಲಲಿತಮ್ಮ ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದವರು. ಪ್ರತಿ ವರ್ಷ ಮರುಭೂಮಿಯ ಪಾಠ ಬಂದಾಗ ಕರಿಹಲಗೆಯ ಮೇಲೆ ಅರ್ಧಚಂದ್ರದ ಆಕಾರದ ಮರಳುದಿಣ್ಣೆ ಬರೆದು, ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ಬಾಣದ ಗುರುತು ಹಾಕುತ್ತಿದ್ದರು. ಮರುಭೂಮಿಯನ್ನು ಮಾತ್ರ ಎಂದೂ ಕಂಡಿರಲಿಲ್ಲ. ನಿವೃತ್ತರಾಗಿ, ಯಜಮಾನರೂ ತೀರಿಕೊಂಡ ಮೇಲೆ, ಒಂದು ಡಿಸೆಂಬರಿನಲ್ಲಿ ಮಗಳು ಪ್ರಾರ್ಥನಾ ಕತಾರಿಗೆ ಕರೆಸಿಕೊಂಡಳು. ಮಗಳ ಮನೆ ನೋಡುವಷ್ಟೇ ಆಸೆ ಆಕೆಗೆ ಮರುಭೂಮಿಯನ್ನು ನೋಡುವುದಕ್ಕೂ ಇತ್ತು.

ದೋಹಾದ ವಿಮಾನ ನಿಲ್ದಾಣದಿಂದ ಮಗಳ ಮನೆಯಿದ್ದ ಅಲ್ ಗರಾಫಾಕ್ಕೆ ಬರುವ ದಾರಿಯುದ್ದಕ್ಕೂ ಕಾರಿನ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ರಸ್ತೆಯ ನಡುವೆ ಕತ್ತರಿಸಿದ ಹುಲ್ಲು, ನೇರಳೆ ಬಣ್ಣದ ಹೂವಿನ ಪಾತಿ, ಆಚೆ ಗಾಜಿನ ಕಟ್ಟಡಗಳು.

“ಎಲ್ಲೇ ನಿಮ್ಮ ಮರುಭೂಮಿ?”

“ಅದರ ಮೇಲೇ ಹೋಗ್ತಾ ಇದೀವಲ್ಲಮ್ಮ. ಟಾರು ಹಾಕಿ ಮುಚ್ಚಿದ್ದಾರೆ,” ಅಂದಳು ಪ್ರಾರ್ಥನಾ, ಕಾರು ಓಡಿಸುತ್ತಲೇ.

ಪ್ರಾರ್ಥನಾ ಮತ್ತು ಅವಳ ಗಂಡ ಸಂತೋಷ್ ಎರಡು ವರ್ಷಕ್ಕೆಂದು ಬಂದವರು. ಅದು ಹನ್ನೊಂದು ವರ್ಷವಾಗಿತ್ತು. ಅವನು ಒಂದು ಕಟ್ಟಡ ನಿರ್ಮಾಣ ಕಂಪನಿಯಲ್ಲಿ ಎಂಜಿನಿಯರ್, ಅವಳು ಇನ್ನೊಂದು ಆಫೀಸಿನಲ್ಲಿ ಎಚ್‌ಆರ್. ಮಗಳು ಇಂಚರ ಹುಟ್ಟಿದ್ದೂ ಇಲ್ಲೇ. ವಾಸದ ಪರ್ಮಿಟ್ಟು ನವೀಕರಿಸುವ ಪ್ರತಿ ಸಲವೂ ಗಂಡಹೆಂಡತಿ “ಇದೊಂದು ಸಲ, ಆಮೇಲೆ ಮೈಸೂರಿಗೆ” ಎಂದುಕೊಳ್ಳುತ್ತಿದ್ದರು. ಮನೆಯೂ ಆ ಮಾತಿಗೆ ತಕ್ಕ ಹಾಗೇ ಇತ್ತು. ಊಟಕ್ಕೆ ಮಡಚುವ ಮೇಜು, ಪ್ಲಾಸ್ಟಿಕ್ ಕುರ್ಚಿಗಳು. ಮದುವೆಯ ದೊಡ್ಡ ಫೋಟೊ ಗೋಡೆಗೆ ಒರಗಿಕೊಂಡು ನೆಲದ ಮೇಲೇ ಕೂತಿತ್ತು.

“ಒಂದು ಮೊಳೆ ಹೊಡೀಬಾರ್ದೇನೇ?” ಎಂದು ಲಲಿತಮ್ಮ ಕೇಳಿದಾಗ, “ಬಿಟ್ಟು ಹೋಗೋ ಮನೆಗೆ ಯಾಕಮ್ಮ?” ಎಂಬ ಉತ್ತರ ಬಂತು.

ಹಗಲು ಹೊತ್ತು ಎಲ್ಲರೂ ಹೊರಟುಹೋದ ಮೇಲೆ ಲಲಿತಮ್ಮ ಒಬ್ಬರೇ. ಟೀವಿ ನೋಡಿ ಅಭ್ಯಾಸವಿಲ್ಲ. ಶಾಲು ಹೊದ್ದು ಸುತ್ತಮುತ್ತಲ ಬೀದಿಗಳಲ್ಲಿ ನಡೆಯತೊಡಗಿದರು. ವಾರ ಕಳೆಯುವುದರೊಳಗೆ ರೊಟ್ಟಿ ಸುಡುವ ಅಂಗಡಿಯವನು ಇವರನ್ನು ಕಂಡರೆ ಎದೆಯ ಮೇಲೆ ಕೈಯಿಟ್ಟು ನಗುತ್ತಿದ್ದ. ಬಾಲ್ಕನಿಯ ಕಟ್ಟೆಯ ಮೇಲೆ ಗಾಳಿ ರಾತ್ರೋರಾತ್ರಿ ತಂದು ಹಾಕುತ್ತಿದ್ದ ಸಣ್ಣ ಮರಳನ್ನು ಬೆರಳಿಂದ ಒತ್ತಿ ನೋಡುತ್ತಿದ್ದರು. ಹಿಟ್ಟಿನಷ್ಟು ನುಣುಪು. ಒಂದು ದಿನ ಊಟದ ಹೊತ್ತಿಗೆ ಮಗಳನ್ನು ಕೇಳಿದರು:

“ಕೆಳಗೆ ಕಾರು ನಿಲ್ಲಿಸ್ತೀಯಲ್ಲ, ಆ ಮರ ಯಾವುದೇ?”

“ಯಾವ ಮರಾನೋ. ನೆರಳಿರುತ್ತೆ ಅಂತ ನಿಲ್ಲಿಸ್ತೀನಿ ಅಷ್ಟೆ.”

“ಎಲಚಿ ಜಾತೀದು ಕಣೇ. ಮುಳ್ಳು ನೋಡಿದೆ, ಕಾಯೂ ಬಿಟ್ಟಿದೆ. ಒಂದು ತಿಂದೂ ನೋಡಿದೆ.”

“ಅಮ್ಮಾ, ಕಂಡಕಂಡಿದ್ದೆಲ್ಲ ಬಾಯಿಗೆ ಹಾಕ್ಕೋಬೇಡ,” ಎಂದು ಪ್ರಾರ್ಥನಾ ಗದರಿದಳು. ಇಂಚರ ಮಾತ್ರ ಊಟ ಬಿಟ್ಟೆದ್ದು ಕಿಟಕಿಯಿಂದ ಮರವನ್ನು ಬಗ್ಗಿ ನೋಡಿದಳು.

ರಜೆಯ ದಿನಗಳಲ್ಲಿ ಮಗಳು ಅಮ್ಮನನ್ನು ಸುತ್ತಾಡಿಸಿದಳು. ಮಾಲುಗಳು, ಮ್ಯೂಸಿಯಂ, ಅಲ್ ವಕ್ರಾದ ಸಮುದ್ರದಂಡೆಯ ಹಳೇ ಪೇಟೆ, ಅಲ್ ಖೋರ್ ಹತ್ತಿರ ಉಪ್ಪುನೀರಿನಲ್ಲಿ ಬೆಳೆದ ಕಾಂಡ್ಲಾ ಕಾಡು. ಲಲಿತಮ್ಮ ಎಲ್ಲವನ್ನೂ ಸಂತೋಷದಿಂದಲೇ ನೋಡಿದರು. ವಾಪಸು ಬರುವಾಗ ಮಾತ್ರ ಮತ್ತೆ ಅದೇ ಪ್ರಶ್ನೆ.

“ಅಲ್ಲೇನಿದೆ ಅಮ್ಮ? ಮರಳು. ಮುಂದಿನ ವಾರ ನೋಡೋಣ,” ಅನ್ನುತ್ತಿದ್ದಳು ಪ್ರಾರ್ಥನಾ.

ಜನವರಿ ಮುಗಿಯುವ ಹೊತ್ತಿಗೆ ಒಂದು ದಿನ ಸಂತೋಷ್ ಆಫೀಸಿನಿಂದ ಬೇಗ ಬಂದ. ಶೂ ಬಿಚ್ಚದೆ ಕುರ್ಚಿಯಲ್ಲಿ ಕೂತು, ಪ್ರಾಜೆಕ್ಟ್ ಮುಗಿಯಿತೆಂದೂ ಅವನ ತಂಡವನ್ನು ಮಾರ್ಚಿನ ಆಚೆಗೆ ಉಳಿಸಿಕೊಳ್ಳುವುದಿಲ್ಲವೆಂದೂ ಹೇಳಿದ. ಬೇರೆ ಕಡೆ ಹುಡುಕುವ ಮನಸ್ಸು ತನಗಿಲ್ಲ, ಮೈಸೂರಿನಲ್ಲಿ ಗೆಳೆಯನೊಬ್ಬ ಕರೆಯುತ್ತಿದ್ದಾನೆ ಎಂದ. ಎಲ್ಲರೂ ಪ್ರಾರ್ಥನಾಳ ಮುಖ ನೋಡಿದರು.

“ಸರಿ ಬಿಡಿ. ಇಷ್ಟು ವರ್ಷ ಅದನ್ನೇ ತಾನೇ ಕಾಯ್ತಾ ಇದ್ದಿದ್ದು,” ಎಂದು ಅವಳು ಎದ್ದು ಹೋಗಿ ಕುಕ್ಕರ್ ಇಟ್ಟಳು.

ಮರುದಿನದಿಂದಲೇ ಸಾಮಾನು ಕಟ್ಟಲು ಶುರುಮಾಡಿದಳು. ಕಟ್ಟುವುದಕ್ಕೆ ಹೆಚ್ಚೇನೂ ಇರಲಿಲ್ಲ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಲಲಿತಮ್ಮ ನೋಡುತ್ತಿದ್ದರು.

ಮರುಭೂಮಿಗೆ ಕರೆದುಕೊಂಡು ಹೋದವನು ಕೊನೆಗೆ ಅನ್ಸಾಫ್. ಸಂತೋಷನ ಆಫೀಸಿನಲ್ಲೇ ಬೇರೆ ತಂಡದಲ್ಲಿ ಕೆಲಸ ಮಾಡುತ್ತಿದ್ದ ಅವನ ಮನೆತನ ಉಪ್ಪಿನಂಗಡಿಯದು. ಅಪ್ಪ ಅಲ್ ವಕ್ರಾದಲ್ಲಿ ಅಂಗಡಿ ಇಟ್ಟವರು, ಅವನು ಹುಟ್ಟಿ ಬೆಳೆದದ್ದು ಅಲ್ಲೇ. ಹೊರಡುವ ಸುದ್ದಿ ಕೇಳಿ ಮನೆಗೆ ಬಂದವನಿಗೆ ಲಲಿತಮ್ಮ ಇನ್ನೂ ಮರುಭೂಮಿ ನೋಡಿಲ್ಲವೆಂಬುದು ತಿಳಿಯಿತು.

“ಎಂಥದು ಅಕ್ಕ, ಟೀಚರನ್ನು ಹಾಗೇ ಕಳಿಸ್ತೀರಾ? ನನ್ನ ಗಾಡಿ ಉಂಟಲ್ಲ. ಶುಕ್ರವಾರ ಬೆಳಿಗ್ಗೆ ಹೋಗುವಾ. ಹಾಡುವ ಮರಳು ಉಂಟು, ತೋರಿಸ್ತೇನೆ.”

ಸಂತೋಷನಿಗೆ ಕೆಲಸ ಒಪ್ಪಿಸುವ ಗಡಿಬಿಡಿ. ಉಳಿದವರು ಹೊರಟರು. ದೋಹಾದ ಕಟ್ಟಡಗಳು ಹಿಂದೆ ಬಿದ್ದು, ಬೂದುಬಣ್ಣದ ಕಲ್ಲುನೆಲ ಬಹಳ ಹೊತ್ತು ಜೊತೆಗೆ ಬಂತು. ವಿದ್ಯುತ್ ಕಂಬಗಳು, ಬೇಲಿ, ಬೇಲಿಯಾಚೆ ಒಂಟೆಗಳು. ಅನ್ಸಾಫ್ ರಸ್ತೆ ಬಿಟ್ಟಿಳಿದು, ಮರಳಿನಲ್ಲಿ ಹೂತುಕೊಳ್ಳದಂತೆ ಚಕ್ರದ ಗಾಳಿ ಕಡಿಮೆ ಮಾಡಿಕೊಂಡ. ಒಂದು ತಿರುವು ದಾಟಿದ್ದೇ ಎದುರಿಗೆ ದಿಣ್ಣೆ ಕಂಡಿತು.

ಲಲಿತಮ್ಮ ಕಾರಿನಿಂದಿಳಿದು ನಿಂತರು. ಕೊಂಬಿನಂಥ ಎರಡು ತುದಿಗಳು, ಗಾಳಿ ಬರುವ ಕಡೆಗೆ ಮೆಲ್ಲನೆ ಇಳಿಜಾರಾದ ಬೆನ್ನು, ಇನ್ನೊಂದು ಕಡೆ ಕಡಿದಾದ ಇಳುಕಲು. ತಾವು ಬರೆಯುತ್ತಿದ್ದ ಆಕಾರವೇ. ಆದರೆ ಅದು ಇಷ್ಟು ದೊಡ್ಡದಿರಬಹುದೆಂದು, ಅದರ ನೆತ್ತಿಯಿಂದ ಮರಳು ಹೊಗೆಯ ಹಾಗೆ ಏಳುತ್ತಿರಬಹುದೆಂದು ಅವರಿಗೆ ತೋಚಿರಲಿಲ್ಲ.

“ಇದು ನಡೀತದೆ ಟೀಚರ್,” ಅಂದ ಅನ್ಸಾಫ್. “ನಾನು ಸಣ್ಣವ ಇರುವಾಗ ಆ ಕಲ್ಲಿನ ಹತ್ತಿರ ಇತ್ತು.”

ಅವನು ಇಂಚರಳನ್ನು ಕರೆದುಕೊಂಡು ಮೇಲೆ ಹತ್ತಿ, ಕಡಿದಾದ ಕಡೆಯಿಂದ ಜಾರಿದ. ಮರಳು ಸುಮ್ಮನೆ ಉದುರಿತು. ಸದ್ದೇನೂ ಬರಲಿಲ್ಲ.

“ಮಾಫಿ,” ಎಂದು ಅರಬ್ಬಿಯಲ್ಲಿ ಇಲ್ಲವೆನ್ನುತ್ತ ಕೈ ಝಾಡಿಸಿದ. “ಇಬ್ಬನಿ ಬಿದ್ದಿದೆ. ಒಣಗಿದ್ರೆ ಮಾತ್ರ ಅದಕ್ಕೆ ಸ್ವರ ಬರುವುದು. ಬಿಸಿಲೇರಲಿ, ಕಾಯುವಾ.”

ಚಾಪೆ ಹಾಸಿ ಕೂತರು. ಲಲಿತಮ್ಮ ಇಡ್ಲಿ, ಚಟ್ನಿಪುಡಿ ತಂದಿದ್ದರು. ಅನ್ಸಾಫ್ ಫ್ಲಾಸ್ಕಿನಿಂದ ಗಟ್ಟಿ ಚಹಾ ಬಗ್ಗಿಸಿ ಕೊಟ್ಟ.

“ನಿಮಗೆ ಊರು ಅಂದ್ರೆ ಯಾವುದಪ್ಪ?” ಎಂದು ಲಲಿತಮ್ಮ ಕೇಳಿದರು.

ಅವನು ತನ್ನ ಲೋಟಕ್ಕೂ ಚಹಾ ಬಗ್ಗಿಸಿಕೊಂಡ. “ಕೇಳಿದವರಿಗೆ ಉಪ್ಪಿನಂಗಡಿ ಅಂತೇನೆ. ಅಲ್ಲಿಗೆ ಹೋದ್ರೆ ಎರಡು ವಾರದಲ್ಲಿ ಇಲ್ಲಿಯದ್ದೇ ನೆನಪು. ಇಲ್ಲಿ ಕೆಲಸ ಹೋದ್ರೆ ನನಗೂ ಖಲಾಸ್, ಹೊರಡಬೇಕು. ಗೊತ್ತುಂಟು. ಆದ್ರೂ ಮನೆಗೆ ಒಳ್ಳೆ ಸೋಫಾ ತೆಗೆದಿದ್ದೇನೆ ಟೀಚರ್. ಕೂತ್ಕೊಳ್ಳಬೇಕಲ್ಲ.”

ಅವನು ನಗುತ್ತಾ ಎದ್ದು, ಇಂಚರಳ ಜೊತೆ ಹುಳುಗಳ ಹೆಜ್ಜೆಗುರುತು ಹುಡುಕಿಕೊಂಡು ಹೋದ. ತಾಯಿಮಗಳು ಇಬ್ಬರೇ ಉಳಿದರು. ಪ್ರಾರ್ಥನಾ ಮರಳನ್ನು ಮುಷ್ಟಿಯಲ್ಲಿ ಹಿಡಿದು ಸುರಿಯುತ್ತಿದ್ದಳು.

“ನಾನೂ ಇಲ್ಲಿಗೆ ಇದೇ ಮೊದಲು ಬರ್ತಿರೋದಮ್ಮ.”

“ಹಾಗೇ ಅಂದ್ಕೊಂಡೆ.”

“ಹೊರಡ್ತೀವಿ ಅಂದಾಗ ಖುಷಿ ಆಗಬೇಕಿತ್ತು. ಆಗ್ತಾ ಇಲ್ಲ. ಯಾಕೆ ಅಂತ ಗೊತ್ತಾಗ್ತಿಲ್ಲ. ಈ ಜಾಗ ಇಷ್ಟ ಅಂತ ನಾನು ಯಾರ ಹತ್ರಾನೂ ಹೇಳಿದೋಳಲ್ಲ.”

“ಇಷ್ಟ ಇತ್ತೋ ಇಲ್ವೋ, ಇದ್ದೆಯಲ್ಲ. ಮಗು ಹೆತ್ತೆ, ಕಾರು ಬಿಡೋದು ಕಲಿತೆ. ನಿಮ್ಮಪ್ಪ ಹೋದ ಸುದ್ದಿ ಬಂದಾಗಲೂ ನೀನಿದ್ದಿದ್ದು ಆ ಮನೇಲೇ.”

ಆವತ್ತು ಟಿಕೇಟು ಸಿಗುವ ತನಕ ಬಾಲ್ಕನಿಯಲ್ಲಿ ನಿಂತೇ ಇದ್ದದ್ದು, ಎದುರು ಮನೆಯ ಮಲಯಾಳಿ ಹೆಂಗಸು ಏನೂ ಕೇಳದೆ ಬಂದು ಇಂಚರಳನ್ನು ಎತ್ತಿಕೊಂಡು ಹೋದದ್ದು ಪ್ರಾರ್ಥನಾಳ ಕಣ್ಣ ಮುಂದೆ ಬಂತು. ಆ ಹೆಂಗಸಿಗೆ ತಾವು ಹೊರಡುವ ಸುದ್ದಿಯನ್ನು ಅವಳಿನ್ನೂ ಹೇಳಿರಲಿಲ್ಲ.

ಬಿಸಿಲು ಏರಿತು. ಮರಳಿನ ಬಣ್ಣ ತಿಳಿಯಾಯಿತು. “ಯಲ್ಲಾ, ಹೋಗುವಾ,” ಎಂದು ಅನ್ಸಾಫ್ ಕೂಗಿದ. ಲಲಿತಮ್ಮ ಮಂಡಿಯ ನೋವನ್ನು ಬದಿಗಿಟ್ಟು, ಮಗಳ ಹೆಗಲು ಹಿಡಿದು, ಕೂತು ಎದ್ದು, ಅಂತೂ ದಿಣ್ಣೆಯ ನೆತ್ತಿ ಸೇರಿದರು. ಮೊದಲು ಇಂಚರ ಜಾರಿದಳು. ಅವಳ ಹಿಂದೆ ಮರಳಿನ ಒಂದು ಪದರವೇ ಕಳಚಿ ಇಳಿಯಿತು. ಆಗ ಸದ್ದು ಶುರುವಾಯಿತು. ಹಂಡೆಯ ನೀರು ಕುದಿಯುವ ಮೊದಲು ಹೊರಡಿಸುವ ಗುಂಯ್‌ಗುಡುವಿಕೆಯಂಥದ್ದು, ಮೆಲ್ಲಗೆ ಬೆಳೆದು ಕೂತಿದ್ದವರ ಬೆನ್ನುಮೂಳೆಯವರೆಗೂ ಏರಿತು.

“ಅಜ್ಜಿ, ಇಟ್ಸ್ ಸಿಂಗಿಂಗ್! ನೀನು ಕೂಡ ಮಾಡು,” ಎಂದು ಇಂಚರ ಕೆಳಗಿನಿಂದ ಕೂಗಿದಳು.

ಪ್ರಾರ್ಥನಾ ಜಾರಿದಳು. ಅವಳ ಭಾರಕ್ಕೆ ಸದ್ದು ಇನ್ನೂ ದೊಡ್ಡದಾಯಿತು. ತಳ ಮುಟ್ಟಿದ ಮೇಲೆ ಅವಳು ಏಳಲಿಲ್ಲ. ಎರಡೂ ಅಂಗೈಗಳನ್ನು ಮರಳಿಗೆ ಒತ್ತಿ, ತಲೆ ತಗ್ಗಿಸಿ ಕೂತಳು. ಅಳುತ್ತಿದ್ದಾಳೆಂದು ಮೇಲಿದ್ದ ಲಲಿತಮ್ಮನಿಗೆ ಭುಜ ನೋಡಿಯೇ ತಿಳಿಯಿತು. ಅನ್ಸಾಫ್ ಮೆಲ್ಲಗೆ ಇಂಚರಳನ್ನು ಕರೆದು, ದೂರದ ಒಂಟೆಗಳನ್ನು ತೋರಿಸುತ್ತಾ ಆಚೆಗೆ ನಡೆದ. ಲಲಿತಮ್ಮ ಸೀರೆಯ ನೆರಿಗೆ ಒತ್ತಿ ಹಿಡಿದು ತಾವೂ ಜಾರಿದರು. ಮಗಳ ಪಕ್ಕಕ್ಕೆ ಬಂದು ನಿಂತು, ಅವಳ ಬೆನ್ನ ಮೇಲೆ ಕೈಯಿಟ್ಟರು. ಇಬ್ಬರ ಕೆಳಗೂ ದಿಣ್ಣೆ ಇನ್ನೂ ಸ್ವಲ್ಪ ಹೊತ್ತು ಗುನುಗುತ್ತಿತ್ತು, ಆಮೇಲೆ ನಿಂತಿತು.

“ಇನ್ನೊಂದು ಸಲ ಹತ್ತೋಣ್ವಾ?” ಎಂದಳು ಪ್ರಾರ್ಥನಾ, ಮೂಗು ಒರೆಸಿಕೊಂಡು.

“ನೀನು ಹತ್ತು. ನನ್ನ ಕಾಲಿನ ಕಥೆ ಇವತ್ತಿಗೆ ಮುಗೀತು.”

ಅವಳು ಒಬ್ಬಳೇ ಹತ್ತಿದಳು. ಆ ದಿನ ಮತ್ತೂ ಕೆಲವು ಸಲ ಹತ್ತಿ ಇಳಿದಳು.

ಸಂಜೆ ಮನೆಗೆ ಬಂದವಳೇ ಎದುರು ಮನೆಯ ಬಾಗಿಲು ತಟ್ಟಿದಳು. ಆ ಮನೆಯಿಂದ ಅವಳು ಬರುವಾಗ ಊಟದ ಹೊತ್ತು ದಾಟಿತ್ತು. ಹೊರಡಲು ಉಳಿದ ವಾರಗಳಲ್ಲಿ ರಜೆ ಬಂತೆಂದರೆ ಅವಳೇ ಕಾರು ತೆಗೆದು ಎಲ್ಲರನ್ನೂ ಹೊರಡಿಸುತ್ತಿದ್ದಳು. ಜ಼ಿಕ್ರೀತ್‌ನ ಅಣಬೆಯಾಕಾರದ ಬಂಡೆಗಳ ಕಡೆಗೆ ಒಮ್ಮೆ, ಉತ್ತರದಲ್ಲಿ ಜನ ಬಿಟ್ಟುಹೋದ ಬೆಸ್ತರ ಊರಿನ ಮುರಿದ ಗೋಡೆಗಳ ಕಡೆಗೆ ಒಮ್ಮೆ. ಸಂತೋಷ್ ಮೊದಮೊದಲು “ಹೋಗೋ ಟೈಮಲ್ಲಿ ಇದೇನು” ಎಂದು ಗೊಣಗಿದ. ಮೂರನೆಯ ವಾರ ಅವನೇ ಮ್ಯಾಪು ಬಿಡಿಸಿಕೊಂಡು ಕೂತಿದ್ದ. ಉಳಿಯೋಣವೆಂದು ಮಾತ್ರ ಇಬ್ಬರಲ್ಲಿ ಯಾರೂ ಹೇಳಲಿಲ್ಲ. ಮಾರ್ಚ್ ಕೊನೆಗೆ ನಾಲ್ವರೂ ಹೊರಟರು. ಅನ್ಸಾಫ್ ವಿಮಾನ ನಿಲ್ದಾಣದವರೆಗೆ ಬಂದಿದ್ದ.

ಮೈಸೂರಿಗೆ ಬಂದ ಹೊಸದರಲ್ಲಿ ಪ್ರಾರ್ಥನಾಳ ಚಿಕ್ಕಪ್ಪ ಮುದ್ದುಕೃಷ್ಣ ಮಾತಾಡಿಸಲು ಬಂದರು. “ಅಂತೂ ಬಂದ್ಯಲ್ಲಮ್ಮ. ಅಲ್ಲಿ ಬರೀ ಮರಳಂತಲ್ಲ, ಹೇಗಿದ್ರೋ ಏನೋ,” ಅಂದರು.

ಪ್ರಾರ್ಥನಾ ಕಾಫಿ ಲೋಟ ಅವರ ಕೈಗೆ ಕೊಟ್ಟು ಎದುರಿಗೆ ಕೂತಳು. “ಮರಳಲ್ಲೂ ಬೇರೆ ಬೇರೆ ಥರ ಇರುತ್ತೆ ಚಿಕ್ಕಪ್ಪ,” ಎಂದು ಶುರುಮಾಡಿದಳು. ಒಳಗೆ ಸೊಪ್ಪು ಬಿಡಿಸುತ್ತಿದ್ದ ಲಲಿತಮ್ಮನಿಗೆ ಮಗಳ ಮಾತು ಬಹಳ ಹೊತ್ತಿನ ತನಕ ಕೇಳಿಸುತ್ತಲೇ ಇತ್ತು.