ಮೇಸ್ತ್ರಿಯ ರಸಮಟ್ಟ

ಪರದೇಶದಲ್ಲಿ ಆಸ್ಪತ್ರೆ ಕಟ್ಟಿಸಲು ಬಂದಿದ್ದ ನನ್ನ ಗಂಡನ ಅಂತ್ಯಕ್ರಿಯೆಯನ್ನು ಕಂಪನಿಯವರು ಭಾನುವಾರಕ್ಕೇ ಇಟ್ಟುಕೊಂಡರು. ಸೋಮವಾರ ನಾಲ್ಕನೇ ಮಹಡಿಗೆ ಕಾಂಕ್ರೀಟ್ ಹಾಕಬೇಕಿತ್ತು. ನನ್ನವರು ಸೈಟಿಗೆ ಹೋಗದೆ ನನ್ನೊಂದಿಗೆ ಕಳೆದ ಮೊದಲ ಭಾನುವಾರ ಅದು.

ಮರುದಿನ ಬೆಳಿಗ್ಗೆ ಕಸ ಗುಡಿಸುವಾಗ, ಮಟ್ಟ ನೋಡುವ ರಸಮಟ್ಟ ಮಂಚದ ಕೆಳಗೆ ಸಿಕ್ಕಿತು. ನನ್ನ ಪುಸ್ತಕಗಳಿಗೆ ಗೋಡೆಗೊಂದು ಹಲಗೆ ಹೊಡೆಯುತ್ತೇನೆಂದು ಎಂಟು ತಿಂಗಳ ಹಿಂದೆ ಅವರು ಮೇಸ್ತ್ರಿಯಿಂದ ಕೇಳಿ ತಂದಿದ್ದರು. ಪುಸ್ತಕಗಳು ಇನ್ನೂ ಪೆಟ್ಟಿಗೆಯಲ್ಲೇ ಇದ್ದವು.

ಅದನ್ನು ಸೈಟಿಗೆ ಒಯ್ದೆ. ಕೆಲಸದ ಬೋರ್ಡಿನಲ್ಲಿ ನನ್ನ ಗಂಡನ ಹೆಸರನ್ನು ಒರೆಸಿ ಬೇರೆಯವರದು ಬರೆದಿದ್ದರು. ಮುಗಿಸುವ ತಾರೀಖು ಅದೇ ಇತ್ತು.

“ಹಲಗೆ ನೆಟ್ಟಗೆ ಕೂತ್ಕೊಂತಾ ತಾಯಿ?” ಊರಿನಿಂದ ಜೊತೆಗೆ ಬಂದಿದ್ದ ಮೇಸ್ತ್ರಿ ಕೇಳಿದರು. “ನಮ್ ಸಾಹೇಬ್ರು ಯಾವ ಕೆಲ್ಸಾನೂ ಒಂದ್ ದಿನ ತಡ ಮಾಡಿದೋರಲ್ಲ.”

“ಗೊತ್ತಣ್ಣ,” ಎಂದು ರಸಮಟ್ಟವನ್ನು ಅವರ ಕೈಗಿಟ್ಟೆ.